ನಿಂತ ಹಡಗಿನ ಅಡುಗೆಯವನು

ಒಂದು ಹಡಗಿಗೆ ಎಷ್ಟು ದೇಶಗಳಿರುತ್ತವೆ ಎನ್ನುವುದು ನನಗೆ ಗೊತ್ತಾದದ್ದು ನೌಕರಿಯಿಂದ ನಿವೃತ್ತಳಾದ ಮೇಲೆ. ಶಿರಸಿಯ ಹೈಸ್ಕೂಲಿನಲ್ಲಿ ವರ್ಷಾನುಗಟ್ಟಲೆ ಸಮಾಜ ವಿಜ್ಞಾನ ಕಲಿಸಿದವಳು ನಾನು. ಗೋಡೆಗೆ ನಕಾಶೆ ತೂಗುಹಾಕಿ, ಬೆತ್ತದ ತುದಿಯಿಂದ ಹಿಂದೂ ಮಹಾಸಾಗರಕ್ಕೆ ಒಂದು ಸುತ್ತು ಬಂದು, ಇವರೆಲ್ಲ ಒಂದೇ ನೀರಿನ ನೆರೆಹೊರೆಯವರು ಎಂದು ಮಕ್ಕಳಿಂದ ಹೇಳಿಸಿದ್ದೇ ಹೇಳಿಸಿದ್ದು. ನಿಜವಾದ ಹಡಗು ನೋಡಿದ್ದು ಮಾತ್ರ ಒಂದು ಸಲ, ಕಾರವಾರಕ್ಕೆ ಶಾಲೆಯ ಪ್ರವಾಸ ಹೋದಾಗ, ಅದೂ ದೂರದಿಂದ. ಘಟ್ಟದ ಮೇಲಿನ ಊರಿಗೆ ಸಮುದ್ರವೆಂದರೆ ಬೆಳಿಗ್ಗೆ ಹಾರ್ನ್ ಹೊಡೆಯುತ್ತ ಬರುವ ಮೀನಿನ ಗಾಡಿ. ಮೀನು ತಿನ್ನದ ನಮ್ಮ ಮನೆಗೆ ಅದೂ ಇಲ್ಲ.

ನನಗೂ ಆಚೆಮನೆಗೂ ನಡುವೆ ಎದೆಮಟ್ಟದ ಒಂದು ಗೋಡೆ. ಆಚೆಮನೆಯವಳು ನನ್ನ ಹಳೆಯ ವಿದ್ಯಾರ್ಥಿನಿ, ಈಗಲೂ ನನ್ನನ್ನು ಅಕ್ಕೋರೇ ಎಂದೇ ಕರೆಯುತ್ತಾಳೆ. ಮನೆಯಲ್ಲೇ ಮಷಿನ್ ಇಟ್ಟುಕೊಂಡು ಬ್ಲೌಸು, ಚೂಡಿದಾರ ಹೊಲಿಯುತ್ತಾಳೆ. ಯಲ್ಲಾಪುರದ ಲಾರಿ ಇಟ್ಟವರ ಮನೆಗೆ ಮದುವೆಯಾಗಿ ಹೋದವಳು, ಗಂಡ ಹಡಗಿಗೆ ಸೇರಿದ ಮೇಲೆ ತವರು ಹತ್ತಿರವಾಗಲಿ ಎಂದು ಶಿರಸಿಯಲ್ಲಿ ಬಾಡಿಗೆ ಮನೆ ಹಿಡಿದಿದ್ದಳು. ಅವನು ಮೊದಲು ತನ್ನ ಅಣ್ಣನ ಲಾರಿ ಹೊಡೆಯುತ್ತಿದ್ದ. ಘಟ್ಟ ಇಳಿದು ಬಂದರಿಗೆ ಸರಕು ಮುಟ್ಟಿಸಿ, ಸರದಿ ಬರುವ ತನಕ ಲಾರಿಯ ಪಕ್ಕ ಸ್ಟೋವ್ ಹಚ್ಚಿ ಅಡುಗೆ ಮಾಡುತ್ತಿದ್ದ. ಪರಿಮಳಕ್ಕೆ ಬೇರೆ ಲಾರಿಯವರೂ ತಟ್ಟೆ ಹಿಡಿದುಕೊಂಡು ಬಂದು ನಿಲ್ಲುತ್ತಿದ್ದರಂತೆ. ಹಾಗೆ ಉಂಡ ಹಡಗಿನ ಏಜೆಂಟನೊಬ್ಬ ಇವನ ಬೆನ್ನು ಬಿಡದೆ, ಬೇಕಾದ ಪರವಾನಗಿಗಳನ್ನೆಲ್ಲ ಮಾಡಿಸಿ, ಸರಕು ಹಡಗಿನ ಅಡುಗೆಗೆ ಸೇರಿಸಿದ. ಅವನು ಹಡಗು ಹತ್ತುವಾಗ ಇವಳು ಬಸುರಿ. ಮಗಳು ಹುಟ್ಟಿದ್ದನ್ನು ಅವನು ನೋಡಿದ್ದು ಮೊಬೈಲಿನಲ್ಲಿ.

ಹಡಗು ನಿಂತಿದೆ ಎಂದು ಅವಳು ಗೋಡೆಯ ಮೇಲಿಂದ ನನಗೆ ಮೊದಲ ಸಲ ಹೇಳಿದಾಗ ನಾನೇನೂ ತಲೆ ಕೆಡಿಸಿಕೊಳ್ಳಲಿಲ್ಲ. ನಮ್ಮ ಬಸ್ಸೂ ದೇವಿಮನೆ ಘಟ್ಟದಲ್ಲಿ ನಿಲ್ಲುತ್ತದೆ, ಯಾರೋ ಬಂದು ರಿಪೇರಿ ಮಾಡುತ್ತಾರೆ, ಹೊರಡುತ್ತದೆ. ಇದು ಹೊರಡಲಿಲ್ಲ. ಸಮುದ್ರದ ಆಚೆ ದಡದ ಒಂದು ಬಂದರಿನ ಹೊರಗೆ ಲಂಗರು ಹಾಕಿದ್ದು ಹಾಕಿದಂತೆಯೇ ಉಳಿಯಿತು. ಮಾಲೀಕ ಕೈ ಎತ್ತಿ ಎಲ್ಲಿಗೋ ಪರಾರಿಯಾದ. ಸಾಲ ಕೊಟ್ಟವರು ಕೋರ್ಟಿಗೆ ಹೋದರು, ಕೋರ್ಟು ಹಡಗನ್ನು ಕದಲಿಸಬಾರದು ಎಂದಿತು. ದೊಡ್ಡ ಹುದ್ದೆಯವರೆಲ್ಲ ಹೇಗೋ ದಾರಿ ಮಾಡಿಕೊಂಡು ಇಳಿದು ಹೋದರು. ಕೊನೆಗೆ ಉಳಿದವರು ಮೂವರು. ಎಂಜಿನ್ ಕೋಣೆಯ ಲಂಕೆಯವನೊಬ್ಬ, ಡೆಕ್ಕಿನ ಕೆಲಸದ ಇಂಡೋನೇಷ್ಯಾದವನೊಬ್ಬ, ಅಡುಗೆಗೆ ನಮ್ಮ ಯಲ್ಲಾಪುರದವನು.

ಅವರು ಯಾಕೆ ಇಳಿಯಬಾರದು? ಇದನ್ನು ನಾನು ಎಷ್ಟು ಜನರಿಗೆ ಕೇಳಿದೆನೋ. ಖಾಲಿ ಹಡಗು ಗಾಳಿಗೆ ಲಂಗರು ಕಿತ್ತುಕೊಂಡು ಹೋದರೆ ಬೇರೆ ಹಡಗಿಗೆ ಬಡಿಯುತ್ತದೆ, ಅದಕ್ಕೆ ಒಳಗೆ ಜನ ಇರಲೇಬೇಕು. ಒಬ್ಬ ಇಳಿಯಬೇಕಾದರೆ ಅವನ ಬದಲು ಇನ್ನೊಬ್ಬನನ್ನು ಹತ್ತಿಸಬೇಕು. ಹತ್ತಿಸಬೇಕಾದ ಮಾಲೀಕನೇ ಇಲ್ಲ. ಹಾಗಾಗಿ ಸಾಲದ ಗಂಧಗಾಳಿ ಇಲ್ಲದ ಮೂರು ಜನ, ಬೇರೆಯವರ ಹಡಗನ್ನು ಕಾಯುತ್ತ, ದಡ ಕಣ್ಣಿಗೆ ಕಾಣುತ್ತಿದ್ದರೂ ಕಾಲಿಡಲಾರದೆ ಕೂತರು. ಮಗಳಿಗೆ ಹಲ್ಲು ಬಂತು, ನಡಿಗೆ ಬಂತು.

ಅವಳು ದಿನಾ ಅವನಿಗೆ ಕೇಳುತ್ತಿದ್ದದ್ದು ಒಂದೇ, ಇವತ್ತು ಏನು ಅಡುಗೆ ಎಂದು. ದಡದ ಸಿಗ್ನಲ್ ಹಡಗಿನ ತನಕ ಮುಟ್ಟಿದ ದಿನ ಅವನು ಹೇಳುತ್ತಿದ್ದ. ಮೊದಮೊದಲು ಕೋಳಿ, ಆಲೂಗಡ್ಡೆ. ಆಮೇಲೆ ಬೇಳೆ. ಆಮೇಲೆ ಗಾಳ ಹಾಕಿ ಹಿಡಿದ ಮೀನು, ಎಣ್ಣೆ ಇಲ್ಲದೆ ಉಪ್ಪು ಸವರಿ ಸುಟ್ಟದ್ದು. ಬಂದರಿನ ದೋಣಿ ನೀರು ತರುವುದು ತಡವಾದರೆ ಅನ್ನಕ್ಕೆ ಎಷ್ಟು ನೀರು, ಕುಡಿಯಲು ಎಷ್ಟು ಎಂದು ಮೂವರೂ ಕೂತು ಪಂಚಾಯ್ತಿ ಮಾಡುತ್ತಿದ್ದರಂತೆ. ಅವಳು ಗೋಡೆಯ ಹತ್ತಿರ ಬಂದು ಇದನ್ನೆಲ್ಲ ನನಗೆ ಹೇಳಿ, ಒಳಗೆ ಹೋಗಿ ಮಷಿನ್ ತುಳಿಯುತ್ತಿದ್ದಳು. ನನಗೆ ಮಾತ್ರ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ಸಿಟ್ಟು ನನ್ನ ಹುಟ್ಟುಗುಣ. ಶಾಲೆಯಲ್ಲಿ ನನ್ನ ಚಪ್ಪಲಿ ಸದ್ದು ಕೇಳಿದರೆ ವರಾಂಡ ಖಾಲಿಯಾಗುತ್ತಿತ್ತು. ಆ ಸಿಟ್ಟನ್ನೆಲ್ಲ ಕಟ್ಟಿಕೊಂಡು ಫೋನಿಗೆ ಕೂತೆ. ನಮ್ಮ ಕಡಲು ಸಾರಿಗೆಯ ಕಚೇರಿಯವರು, ಹಡಗಿನ ಬಾವುಟ ಯಾವ ದೇಶದ್ದೋ ಅವರನ್ನು ಕೇಳಿ ಎಂದರು. ಬಾವುಟ ಒಂದು ದ್ವೀಪದೇಶದ್ದು. ಆ ಹಡಗು ಅಲ್ಲಿ ಹುಟ್ಟಿದ್ದೂ ಇಲ್ಲ, ಅಲ್ಲಿಗೆ ಹೋದದ್ದೂ ಇಲ್ಲ, ದುಡ್ಡು ಕಟ್ಟಿ ಬಾವುಟ ಏರಿಸಿಕೊಂಡದ್ದು ಅಷ್ಟೇ. ಅವರಿಗೆ ಇಂಗ್ಲಿಷಿನಲ್ಲಿ ಬರೆದೆ. ಮಾಲೀಕರನ್ನು ಸಂಪರ್ಕಿಸಿ ಎಂದು ಉತ್ತರ ಬಂತು. ಮಾಲೀಕನ ದೇಶದವರು, ಅದು ಖಾಸಗಿ ವ್ಯವಹಾರ ಎಂದರು. ಬಂದರಿನವರು, ಕೋರ್ಟಿನಲ್ಲಿದೆ ಎಂದರು. ನಮ್ಮ ರಾಯಭಾರಿ ಕಚೇರಿಯವರು ಬಹಳ ಮರ್ಯಾದೆಯಿಂದ, ನಾವು ಎಲ್ಲರಿಗೂ ಬರೆದಿದ್ದೇವೆ ಮೇಡಂ, ಅವರ ಉತ್ತರ ಬರಬೇಕು ಎಂದರು. ನಮ್ಮ ಕಡೆ ಎರಡು ತೋಟದವರಿಗೆ ನೀರಿನ ಕಾಲುವೆಯ ತಕರಾರು ಬಂದರೆ, ಕೊನೆಯ ಪಕ್ಷ ಇಬ್ಬರೂ ಕಾಲುವೆಯ ಹತ್ತಿರ ಬಂದು ಜಗಳವಾಡುತ್ತಾರೆ. ಇಲ್ಲಿ ಯಾರೂ ಜಗಳಕ್ಕೂ ಸಿಗುವುದಿಲ್ಲ. ಎಲ್ಲರೂ ಒಳ್ಳೆಯವರೇ, ಎಲ್ಲರೂ ಇನ್ನೊಬ್ಬರ ಮನೆ ತೋರಿಸುವವರೇ.

ಹೀಗಿರುವಾಗ ಸಂವಾದ ಬಂತು.

ಹಿಂದೂ ಮಹಾಸಾಗರದ ಸುತ್ತಲಿನ ದೇಶಗಳ ಅಧಿಕಾರಿಗಳು, ಪಂಡಿತರು ಗೋವಾದಲ್ಲಿ ಸೇರಿ, ಪರಸ್ಪರ ಸಹಕಾರದ ಬಗ್ಗೆ ಮಾತಾಡುತ್ತಾರೆ, ಒಂದು ದಿನ ನಮ್ಮ ಕಡೆ ನೋಡಲು ಬರುತ್ತಾರೆ ಎಂದು ಒಬ್ಬ ಪ್ರಾಧ್ಯಾಪಕ ನನ್ನನ್ನು ಹುಡುಕಿಕೊಂಡು ಬಂದ. ಸಂಘಟಕರಲ್ಲಿ ಅವನೂ ಒಬ್ಬ, ನನ್ನ ಸಹೋದ್ಯೋಗಿಯ ಮಗ. ಬೆಳಿಗ್ಗೆ ಸೋಂದಾ, ಒಂದು ಕಾಲಕ್ಕೆ ಅಲ್ಲಿಯ ಮೆಣಸು ಘಟ್ಟ ಇಳಿದು ಹಡಗು ಹತ್ತುತ್ತಿತ್ತಲ್ಲ, ಅದರ ಕತೆ. ಮಧ್ಯಾಹ್ನ ಸಿದ್ದಾಪುರ ತಾಲೂಕಿನ ಕಾನಸೂರಿನಲ್ಲಿ ಬೆಳೆಗಾರರ ಜೊತೆ ಮಾತು, ಊಟ. ಬೆಳೆಗಾರರ ಗುಂಪಿಗೆ ಅಲ್ಲಿ ಮುಖ್ಯಸ್ಥ ನನ್ನ ಅಣ್ಣನೇ. ನಮ್ಮವರ ಮಾತನ್ನು ಇಂಗ್ಲಿಷಿಗೆ ಹೇಳಲು ನಾನು ಬರಬೇಕು ಎಂದ. ಬರುವವರ ಹೆಸರು, ದೇಶ ಓದುತ್ತಾ ಹೋದ. ಒಂದು ಕಡೆ ನಾನು ಅವನನ್ನು ತಡೆದು ಮತ್ತೊಮ್ಮೆ ಓದಿಸಿದೆ. ನಮ್ಮ ಹಡಗು ನಿಂತ ಬಂದರಿನ ದೇಶದಿಂದ ಬರುತ್ತಿದ್ದವರು ಅಲ್ಲಿಯ ನೌಕಾ ಇಲಾಖೆಯ ಹಿರಿಯ ಅಧಿಕಾರಿ.

ನಾನು ಬರುತ್ತೇನೆ, ಆದರೆ ಆಚೆಮನೆಯವಳಿಗೆ ಆ ಮನುಷ್ಯನ ಎದುರು ಐದು ನಿಮಿಷ ಮಾತಾಡಲು ಬಿಡಬೇಕು ಎಂದೆ. ಪ್ರಾಧ್ಯಾಪಕ ತಲೆ ಕೆರೆದುಕೊಂಡ. ಕಾರ್ಯಕ್ರಮದ ಪಟ್ಟಿಯಲ್ಲಿ ಹಾಕಲು ಬರುವುದಿಲ್ಲ, ಆದರೆ ಅನೌಪಚಾರಿಕವಾಗಿ ಆಗಬಹುದು ಎಂದ. ಅನೌಪಚಾರಿಕವಾಗಿ ಎಂದರೆ ಯಾವಾಗ ಎಂದು ಕೇಳಿದೆ. ಸಂದರ್ಭ ನೋಡಿಕೊಂಡು ಎಂದ. ಅವನ ಕಿವಿ ಹಿಂಡುವ ವಯಸ್ಸು ದಾಟಿಹೋಗಿತ್ತು, ಇಲ್ಲದಿದ್ದರೆ ಅಲ್ಲೇ ಹಿಂಡುತ್ತಿದ್ದೆ.

ಅವಳಿಗೆ ಹೇಳಿದಾಗ ಮೊದಲು ನಂಬಲಿಲ್ಲ. ಆಮೇಲೆ ಎರಡು ದಿನ ಮಷಿನ್ ಸದ್ದೇ ಇಲ್ಲ. ಏನು ಹೇಳಬೇಕು ಎಂದು ಗೋಡೆಯ ಹತ್ತಿರ ಬಂದು ಬಂದು ಒಪ್ಪಿಸಿ ಹೋಗುತ್ತಿದ್ದಳು, ಪರೀಕ್ಷೆಯ ಹಿಂದಿನ ದಿನ ಒಪ್ಪಿಸುವ ಹಾಗೆ. ಅವಳು ಕೇಳಬೇಕಾದದ್ದು ಚಿಕ್ಕದು. ಹಡಗು ಏನಾದರೂ ಆಗಲಿ, ಕಾವಲಿಗೆ ನಿಮ್ಮ ಬಂದರಿನ ಜನರನ್ನು ಹತ್ತಿಸಿ, ಆ ಮೂವರನ್ನೂ ಇಳಿಸಿಬಿಡಿ, ಅಷ್ಟೇ. ಮೂವರನ್ನೂ ಎನ್ನುವುದನ್ನು ಅವಳು ಒಂದು ಸಲವೂ ಮರೆಯಲಿಲ್ಲ.

ಆ ದಿನ ಸೋಂದಾದಲ್ಲೇ ತಡವಾಯಿತು. ಒಬ್ಬೊಬ್ಬರೂ ಮೆಣಸಿನ ಬಳ್ಳಿ ಹಿಡಿದು ಫೋಟೋ ತೆಗೆಸಿಕೊಳ್ಳಬೇಕು. ಕಾನಸೂರಿಗೆ ಬಂದು ಸಭಾಭವನದಲ್ಲಿ ಕೂತ ಮೇಲೆ ಭಾಷಣ. ಒಬ್ಬರು ಸಾಗರ ನಮ್ಮ ಸಮಾನ ಪರಂಪರೆ ಎಂದರು, ಇನ್ನೊಬ್ಬರು ಸಾಗರ ನಮ್ಮ ಸಮಾನ ಭವಿಷ್ಯ ಎಂದರು. ನಾನು ಅದನ್ನೆಲ್ಲ ಕನ್ನಡಕ್ಕೆ ಇಳಿಸಿ ಅಡಿಕೆ ಬೆಳೆಗಾರರಿಗೆ ಹೇಳಿದೆ, ಅವರು ಚಪ್ಪಾಳೆ ತಟ್ಟಿದರು. ಒಬ್ಬ ಹಿರಿಯರು ಎದ್ದು, ಹೊರದೇಶದ ಮೆಣಸು ಇಲ್ಲಿಗೆ ಬಂದು ನಮ್ಮ ದರ ಬೀಳುತ್ತಿದೆಯಲ್ಲ, ಅದಕ್ಕೆ ಏನು ಮಾಡುತ್ತೀರಿ ಎಂದು ಕೇಳಿದರು. ಅದು ಬೇರೆ ವೇದಿಕೆಯ ವಿಷಯ ಎಂದು ಉತ್ತರ ಬಂತು. ಹಾಗಾದರೆ ಈ ವೇದಿಕೆಯ ವಿಷಯ ಯಾವುದು ಎಂದು ಅವರು ಮತ್ತೆ ಕೇಳಿದರು. ಅದನ್ನು ನಾನು ಗಟ್ಟಿಯಾಗಿಯೇ ಇಂಗ್ಲಿಷಿಗೆ ಹೇಳಿದೆ, ಎಲ್ಲರೂ ನಕ್ಕರು.

ಆಚೆಮನೆಯವಳು ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಹಿಂದಿನ ಸಾಲಿನಲ್ಲಿ ಕೂತಿದ್ದಳು. ಆ ಬಂದರಿನ ದೇಶದ ಅಧಿಕಾರಿ ಮುಂದಿನ ಸಾಲಿನಲ್ಲೇ ಇದ್ದರು. ದೊಡ್ಡ ಮೈಕಟ್ಟಿನ, ಮೃದು ಮಾತಿನ ಮನುಷ್ಯ. ಭಾಷಣ ಮುಗಿದು, ಊಟಕ್ಕೆ ಏಳಬೇಕು ಎನ್ನುವ ನಡುವೆ ಸ್ವಲ್ಪ ಹೊತ್ತು ಅವರು ಒಬ್ಬರೇ ಕೂತಿದ್ದರು. ಇದೇ ಹೊತ್ತು ಎಂದು ನಾನು ಅಣ್ಣನ ಹತ್ತಿರ ಓಡಿದೆ. ಅವನು ಮನೆಯ ಯಜಮಾನನ ಠೀವಿಯಲ್ಲಿ ಎಲೆ ಹಾಕಿಸುತ್ತಾ ನಿಂತಿದ್ದ. ಅವರನ್ನು ಕರೆದು ಅವಳ ಎದುರು ಕೂರಿಸು, ಊಟ ಆದ ಕೂಡಲೇ ಇವರು ಬಸ್ಸು ಹತ್ತುತ್ತಾರೆ, ಆಮೇಲೆ ಸಿಗುವುದಿಲ್ಲ ಎಂದೆ.

“ತಂಗಿ, ಬಂದವು ಇನ್ನೂ ಒಂದು ತುತ್ತು ಉಂಡಿದ್ವಿಲ್ಲೆ,” ಎಂದ ಅಣ್ಣ. “ಈಗ ಆ ಕೂಸಿನ ಅಳು ಅವರ ಮುಂದೆ ಇಡದಾ? ಉಂಡು ಕವಳ ಹಾಕ್ಕಂಡು ಕೂತಾಗ ಆನೇ ಮಾತು ತೆಗಿತೆ.”

ಉಂಡ ಮೇಲೆ ತಾನೇ ಹೇಳುತ್ತಾನಂತೆ. ನಮ್ಮ ಕಡೆ ಇದು ಹೀಗೇ. ಮನೆಗೆ ಬಂದವನಿಗೆ ಮೊದಲು ಆಸರಿಗೆ ಎಂದು ಕುಡಿಯಲು ಏನಾದರೂ, ಆಮೇಲೆ ಊಟ, ಆಮೇಲೆ ಎಲೆ ಅಡಿಕೆಯ ಹರಿವಾಣ. ವೀಳ್ಯದೆಲೆಯ ತೊಟ್ಟು ಮುರಿದ ಮೇಲೆಯೇ ಬಂದ ಕೆಲಸದ ಮಾತು. ಹೆಣ್ಣು ಕೇಳುವುದೂ ಹಾಗೆ, ಜಾಗದ ತಕರಾರು ಮುಗಿಸುವುದೂ ಹಾಗೆ, ಸಾವಿನ ಸುದ್ದಿಯನ್ನೂ ಉಂಡೇಳುವ ತನಕ ಬಾಗಿಲ ಹೊರಗೆ ಹಿಡಿದಿಟ್ಟವರಿದ್ದಾರೆ. ನಾನು ಹಲ್ಲು ಕಚ್ಚಿಕೊಂಡು ಹಿಂದಿನ ಸಾಲಿಗೆ ಹೋಗಿ, ಏಳು, ಅಣ್ಣ ಬರದಿದ್ದರೆ ನಾವೇ ಹೋಗೋಣ ಎಂದು ಅವಳ ಕೈ ಹಿಡಿದೆ. ಅವಳು ಏಳಲಿಲ್ಲ.

“ಉಣ್ಲಿ ಅಕ್ಕೋರೆ. ಅಷ್ಟು ದೂರದಿಂದ ಬಂದವ್ರು,” ಎಂದಳು. “ಖಾಲಿ ಹೊಟ್ಟೆಯವ್ರ ಮುಂದೆ ನಮ್ಮ ಗೋಳು ಹೇಳೂದು ಚಲೋ ಅಲ್ಲ.”

ಅವಳ ಗಂಡ ಆ ಹೊತ್ತಿಗೆ ಏನು ಉಂಡಿದ್ದನೋ. ನನಗೆ ತಲೆ ಕೆಟ್ಟುಹೋಯಿತು. ಒಂದು ಕಡೆ ಅಣ್ಣ, ಒಂದು ಕಡೆ ಇವಳು, ಜಾತಿ ಬೇರೆ, ಮತ ಬೇರೆ, ಈ ಒಂದು ವಿಷಯದಲ್ಲಿ ಮಾತ್ರ ಇಬ್ಬರೂ ಒಂದೇ ತಾಯಿಯ ಮಕ್ಕಳು. ಇನ್ನೇನು ಮಾಡುವುದು, ನಾನೂ ಹೋಗಿ ಬಡಿಸಲು ನಿಂತೆ.

ಊಟವೋ, ಮುಗಿಯುವ ಊಟವಲ್ಲ. ತಂಬುಳಿ ಆಯಿತು, ಮಾವಿನಕಾಯಿಯ ತಿಳಿಸಾರು ಅಪ್ಪೆಹುಳಿ ಬಂತು. ಆ ಅಧಿಕಾರಿಗೆ ಅಪ್ಪೆಹುಳಿ ಎಷ್ಟು ಹಿಡಿಸಿತೆಂದರೆ ಲೋಟದ ಮೇಲೆ ಲೋಟ ಕುಡಿದರು. ಸಿಹಿತಿಂಡಿ ತೊಡದೇವು ಕಾಗದದಂತೆ ತೆಳ್ಳಗಿದ್ದದ್ದು ಕಂಡು ಒಬ್ಬೊಬ್ಬರೂ ಬೆಳಕಿಗೆ ಹಿಡಿದು ನೋಡಿದರು. ಅದನ್ನು ಹೇಗೆ ಮಾಡುತ್ತಾರೆ ಎಂದು ಕೇಳಿದರು, ಅಣ್ಣ ಮಡಕೆ ತರಿಸಿದ. ಮಡಕೆಯ ಬೆನ್ನ ಮೇಲೆ ಹಿಟ್ಟು ಸವರುವುದನ್ನು ತೋರಿಸಲು ಅಡುಗೆಯವರನ್ನು ಕರೆಸಿದ. ನಾನು ಗಡಿಯಾರ ನೋಡುತ್ತಿದ್ದೆ. ಬಸ್ಸಿನ ಡ್ರೈವರ್ ಎಂಜಿನ್ ಶುರು ಮಾಡಿ ನಿಲ್ಲಿಸಿ ಮಾಡುತ್ತಿದ್ದ.

ಕಡೆಗೂ ಹರಿವಾಣ ಬಂತು. ಅಣ್ಣ ಆ ಅಧಿಕಾರಿಯನ್ನು ಪಕ್ಕಕ್ಕೆ ಕೂರಿಸಿಕೊಂಡು, ತಾನೇ ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಮಡಿಸಿ ಕೊಟ್ಟ. ನನ್ನ ಕಡೆ ನೋಡಿ ಗೋಣು ಆಡಿಸಿದ, ಈಗ ಕರೆ ಎಂದು. ನಾನು ಅವಳನ್ನು ಕರೆದುಕೊಂಡು ಬಂದೆ. ಅವಳು ಸೆರಗು ಸರಿಮಾಡಿಕೊಂಡು ಎದುರು ಕೂತಳು, ಬಾಯಿ ತೆರೆದಳು.

ಆ ಮನುಷ್ಯನಿಗೆ ಅಡಿಕೆ ಸೊಕ್ಕಿತು.

ಅಡಿಕೆ ಸೊಕ್ಕುವುದು ನಮಗೆ ಹೊಸದಲ್ಲ. ಅಭ್ಯಾಸವಿಲ್ಲದವರಿಗೆ ಕೆಲವು ಅಡಿಕೆ ತಲೆಗೇರುತ್ತದೆ, ಬೆವರು ಕಿತ್ತು ಬರುತ್ತದೆ, ಕಣ್ಣು ಕತ್ತಲೆ ಕಟ್ಟುತ್ತದೆ. ಉಗಿದು, ಬೆಲ್ಲ ತಿಂದು, ಮಜ್ಜಿಗೆ ಕುಡಿದು ಸ್ವಲ್ಪ ಹೊತ್ತು ಕೂತರೆ ಸರಿಹೋಗುತ್ತದೆ. ಚಿಕ್ಕವರಿದ್ದಾಗ ನಮಗೆಲ್ಲ ಆಗಿದೆ, ದೊಡ್ಡವರು ನಕ್ಕಿದ್ದಾರೆ. ಆದರೆ ಆ ದೊಡ್ಡ ಮನುಷ್ಯ ಬಿಳಿಚಿಕೊಂಡು, ಎದೆ ಹಿಡಿದುಕೊಂಡು ಗೋಡೆಗೆ ಒರಗಿದ್ದನ್ನು ನೋಡಿ ಬಂದವರೆಲ್ಲ ಎದ್ದು ನಿಂತರು. ಪ್ರಾಧ್ಯಾಪಕನ ಮುಖ ಅವರಿಗಿಂತ ಬಿಳಿಯಾಗಿತ್ತು. ಏನೂ ಅಲ್ಲ, ಅಡಿಕೆ ಎಂದು ನಾನು ಇಂಗ್ಲಿಷಿನಲ್ಲಿ ಕೂಗಿ ಹೇಳಿದರೂ ಯಾರ ಕಿವಿಗೂ ಹೋಗಲಿಲ್ಲ. ಒಬ್ಬರು ಆಸ್ಪತ್ರೆ ಎಂದರು, ಒಬ್ಬರು ವಿಷ ಎಂದರು. ಅಣ್ಣ ಬೆಲ್ಲದ ತುಂಡು ಹಿಡಿದುಕೊಂಡು ಅವರ ಸುತ್ತ ಸುತ್ತುತ್ತಿದ್ದ.

ಆಗ ಅವರ ಪಕ್ಕ ಕೂತು ಗಾಳಿ ಬೀಸಿದವಳು ಆಚೆಮನೆಯವಳು. ಮಗಳನ್ನು ನನ್ನ ಕೈಗೆ ಕೊಟ್ಟು, ಸೆರಗಿನ ತುದಿಯನ್ನು ನೀರಿನಲ್ಲಿ ಅದ್ದಿ ಅವರ ಹಣೆ ಒರೆಸಿದಳು. ಲೋಟ ಬಾಯಿಗೆ ಹಿಡಿದು ಮಜ್ಜಿಗೆ ಕುಡಿಸಿದಳು. ಸ್ವಲ್ಪ ಹೊತ್ತಿನಲ್ಲಿ ಅವರ ಮುಖಕ್ಕೆ ಬಣ್ಣ ಬಂತು. ಅವಳ ಎರಡೂ ಕೈ ಹಿಡಿದುಕೊಂಡು, ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ ತಂಗಿ ಎಂಬರ್ಥದ ಮಾತು ಹೇಳಿದರು. ನಾನು ಅದನ್ನು ಕನ್ನಡಕ್ಕೆ ಹೇಳಿ, ಈಗ ಹೇಳು, ಈಗಲೇ ಹೇಳು ಎಂದು ಅವಳ ಭುಜ ಒತ್ತಿದೆ. ಅವಳು ಅವರ ಮುಖ ನೋಡಿ, ಪಾಪ, ಸುಧಾರಿಸಿಕೊಳ್ಳಲಿ ಎಂದು ಮತ್ತೆ ಗಾಳಿ ಬೀಸತೊಡಗಿದಳು. ಅಷ್ಟರಲ್ಲಿ ಪ್ರಾಧ್ಯಾಪಕ ಮತ್ತು ಇನ್ನಿಬ್ಬರು ಬಂದು, ಅವರನ್ನು ತೋಳು ಹಿಡಿದು ಎಬ್ಬಿಸಿ, ಬಸ್ಸಿಗೆ ಹತ್ತಿಸಿದರು. ನಾನು ಬಸ್ಸಿನ ಬಾಗಿಲ ತನಕ ಓಡಿ, ಕಿಟಕಿ ಬಡಿದು, ಹಡಗಿನ ಹೆಸರನ್ನೂ ಮೂವರ ವಿಷಯವನ್ನೂ ಒಂದೇ ಉಸಿರಿಗೆ ಹೇಳಿದೆ. ಅವರು ಕಿಟಕಿಯಿಂದ ಕೈ ಬೀಸಿದರು. ಬಸ್ಸು ಹೊರಟಿತು.

ಆ ದಿನ ನಾನು ಅಣ್ಣನಿಗೆ ಆಡಿದ ಮಾತು ಇಲ್ಲಿ ಬರೆಯುವಂಥದ್ದಲ್ಲ. ಅವನು ಬೆಲ್ಲವನ್ನು ಹರಿವಾಣದಲ್ಲಿ ಇಟ್ಟು ಕೇಳಿಸಿಕೊಂಡ. ಶಿರಸಿಗೆ ವಾಪಸು ಬರುವ ಬಸ್ಸಿನಲ್ಲಿ ಮಗಳು ಆಚೆಮನೆಯವಳ ತೊಡೆಯ ಮೇಲೆ ನಿದ್ದೆ ಹೋಗಿತ್ತು. ಅವಳು ಕಿಟಕಿಯ ಕಡೆ ತಿರುಗಿಕೊಂಡು, ಅತ್ತದ್ದು ನನಗೆ ಕಾಣಬಾರದು ಎಂದು ಸೆರಗು ಎಳೆದುಕೊಂಡಳು.

ಆಮೇಲೆ ಆ ಅಧಿಕಾರಿಗೆ ಪ್ರಾಧ್ಯಾಪಕನ ಮೂಲಕ ಬರೆದೆ. ಬಹಳ ದಿನಕ್ಕೆ ಉತ್ತರ ಬಂತು. ಊಟವನ್ನೂ, ಮಜ್ಜಿಗೆ ಕುಡಿಸಿದ ತಂಗಿಯನ್ನೂ ಮರೆಯುವುದಿಲ್ಲ ಎಂದಿದ್ದರು. ಹಡಗಿನ ವಿಷಯ ನ್ಯಾಯಾಲಯದ್ದಾದ್ದರಿಂದ ತಾವು ಬಾಯಿ ಹಾಕುವಂತಿಲ್ಲ, ಆದರೂ ಮುಂದಿನ ಸಂವಾದದಲ್ಲಿ ಕಡಲ ಕಾರ್ಮಿಕರ ಬಗ್ಗೆ ಒಂದು ಗೋಷ್ಠಿ ಇಡಬೇಕೆಂದು ಸೂಚಿಸುತ್ತೇನೆ ಎಂದಿದ್ದರು. ಮುಂದಿನ ಸಂವಾದ ಮುಂದಿನ ವರ್ಷ, ಇನ್ನೊಂದು ದೇಶದಲ್ಲಿ. ನಾನು ಮೊಬೈಲನ್ನು ಹಾಸಿಗೆಯ ಮೇಲೆ ಎಸೆದೆ. ನೆಲಕ್ಕೆ ಎಸೆಯುವಷ್ಟು ಪಿಂಚಣಿ ನನಗೆ ಬರುವುದಿಲ್ಲ.

ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಗೋಡೆಯ ಆಚೆಯಿಂದ ಅವಳು ಕೂಗಿದಳು. ಅವನು ಇಳಿಯುತ್ತಿದ್ದಾನೆ. ನಾನು ಯಾವ ಕಚೇರಿಯಿಂದ ಆಯಿತು, ಯಾರು ಮಾಡಿದರು ಎಂದು ಕೇಳಿದೆ. ಅವಳಿಗೂ ಸರಿಯಾಗಿ ಗೊತ್ತಿರಲಿಲ್ಲ. ಆಗಲೇ ಯಲ್ಲಾಪುರಕ್ಕೆ ಹೋಗಲು ಬಟ್ಟೆ ತುಂಬುತ್ತಿದ್ದಳು.

ಅವನು ಬಂದ ಮಾರನೆಯ ದಿನ ನಾನೂ ಯಲ್ಲಾಪುರಕ್ಕೆ ಹೋದೆ. ಅವನ ಅಣ್ಣನ ಮನೆಯ ಮುಂದೆ ಲಾರಿ ನಿಲ್ಲಿಸುವ ಅಂಗಳ, ನೆಂಟರು, ಕುರ್ಚಿ. ಕಪ್ಪಗಾಗಿ, ಸಣಕಲಾಗಿ, ಅಂಗಿ ಜೋತಾಡುತ್ತಿದ್ದ ಅವನನ್ನು, ಫೋಟೋದಲ್ಲಿ ಕಂಡಿದ್ದ ನಾನು ಗುರುತು ಹಿಡಿಯಲಿಲ್ಲ. ಮಗಳು ಅವನ ಹತ್ತಿರ ಹೋಗುವುದು, ಮುಟ್ಟುವುದು, ಓಡಿ ಬರುವುದು ಮಾಡುತ್ತಿತ್ತು. ಆಚೆಮನೆಯವಳ ಮುಖ ನಾನು ಯಾವತ್ತೂ ಹಾಗೆ ನೋಡಿರಲಿಲ್ಲ. ಒಳಗೆ ಹೊರಗೆ ಓಡಾಡುತ್ತಾ ಕಾರಣವಿಲ್ಲದೆ ನಗುತ್ತಿದ್ದಳು. ನನಗೂ ಸಂತೋಷವಾಯಿತು, ನಿಜವಾಗಿ ಆಯಿತು. ಸುಮ್ಮನಿರಲಾರದೆ ಆಗಲೂ ಅದೇ ಕೇಳಿದೆ, ಯಾರು ಬಿಡಿಸಿದರು ಎಂದು.

ಕೋರ್ಟು ಕೊನೆಗೆ ಇಷ್ಟು ಹೇಳಿತಂತೆ, ಮೂವರಲ್ಲಿ ಒಬ್ಬ ಹೋಗಬಹುದು, ಉಳಿದಿಬ್ಬರು ಹಡಗು ಕಾಯುತ್ತೇವೆ ಎಂದು ಸಹಿ ಹಾಕಬೇಕು. ಯಾರು ಎಂದು ನೀವೇ ಹೇಳಿ ಎಂದರಂತೆ. ಎಲ್ಲರಿಗಿಂತ ಮೊದಲು ಹಡಗು ಹತ್ತಿದವನು ಲಂಕೆಯವನು. ಸರದಿ ಅವನದ್ದೇ ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಅವನು ಚೀಲ ಕಟ್ಟಿದ್ದೂ ಆಗಿತ್ತು.

“ಆ ದಿನ ಅನ್ನ, ಬೇಳೆ ಅಷ್ಟೇ ಇತ್ತು ಅಕ್ಕೋರೆ,” ಎಂದ ಅವಳ ಗಂಡ. “ಮೂರೂ ಜನ ತಟ್ಟೆ ಹಿಡ್ಕೊಂಡು ಕೂತಿದ್ವಿ. ಅವ್ನೇ ಹೇಳ್ದ, ನನ್ನ ಮಕ್ಳು ನನ್ನ ಮುಖ ನೋಡ್ಕೊಂಡು ದೊಡ್ಡವ್ರಾದ್ರು, ನಿನ್ನ ಮಗಳು ಇನ್ನೂ ನಿನ್ನ ನೋಡಿಲ್ಲ, ನೀನು ಹೋಗು ಅಂತ. ಇನ್ನೊಬ್ಬ ಹೂಂ ಅಂದ. ಊಟ ಮುಗಿಯೂದ್ರೊಳಗೆ ಆಗಿ ಹೋಯ್ತು.”

ಅವರ ನಡುವಿನ ಮಾತು ಅರ್ಧ ಹಿಂದಿ, ಅರ್ಧ ತಮಿಳು, ಉಳಿದದ್ದು ಕೈಸನ್ನೆ. ಅಷ್ಟರಲ್ಲಿ ಅವರಿಗೆ ಆಗಿಹೋಯಿತು. ನಾನು ಅಲ್ಲೇ ಕುರ್ಚಿಯಲ್ಲಿ ಕೂತು ಉರಿದುಹೋದೆ. ಭಾಷಣ ಮಾಡಿದವರ ಮೇಲೆ ಸಿಟ್ಟು ಬಂತು, ಫೋನಿನಲ್ಲಿ ಮೇಡಂ ಮೇಡಂ ಎಂದವರ ಮೇಲೆ ಬಂತು, ಚಪ್ಪಾಳೆ ತಟ್ಟಿದ ನಮ್ಮವರ ಮೇಲೂ ಬಂತು.

ಊಟಕ್ಕೆ ಕೂತಾಗ ಅವನು ಬಿರಿಯಾನಿಯ ತಟ್ಟೆ ಮುಂದಿಟ್ಟುಕೊಂಡು ಕಲಸುತ್ತಲೇ ಇದ್ದ. ಅವರಿಬ್ಬರಿಗೂ ಅಡುಗೆ ಬರುವುದಿಲ್ಲ ಎಂದ. ಬೇಳೆಗೆ ಉಪ್ಪು ಯಾವಾಗ ಹಾಕಬೇಕು ಎಂದು ಬೆಳಿಗ್ಗೆ ಫೋನ್ ಮಾಡಿದ್ದರಂತೆ. ಲಂಕೆಯವನ ಹೆಂಡತಿಯೂ ಮಾಡಿದ್ದಳಂತೆ, ಇವನಿಗೆ ಎತ್ತುವ ಧೈರ್ಯವಾಗಲಿಲ್ಲ. ಅಂಗಳದಲ್ಲಿ ನಗುತ್ತಿದ್ದ ಆಚೆಮನೆಯವಳು ಇದನ್ನು ಕೇಳಿ ಬಡಿಸುವ ಸೌಟು ಹಿಡಿದುಕೊಂಡೇ ನಿಂತುಬಿಟ್ಟಳು. ಆಮೇಲೆ ನನ್ನ ಹತ್ತಿರ ಬಂದು, ನಮ್ಮ ರಾಯಭಾರಿ ಕಚೇರಿಗೆ ಫೋನ್ ಹಚ್ಚಿ ಅಕ್ಕೋರೆ ಎಂದಳು.

ಹಚ್ಚಿದೆ. ಅಷ್ಟು ದಿನದಲ್ಲಿ ನನ್ನ ದನಿ ಅಲ್ಲಿಯವರಿಗೆ ಪಾಠವಾಗಿತ್ತು. ನಿಮ್ಮವರು ಬಂದರಂತಲ್ಲ ಮೇಡಂ, ಅಭಿನಂದನೆ ಎಂದ ಅಲ್ಲಿ ಫೋನ್ ಎತ್ತುವ ಕನ್ನಡದ ಮನುಷ್ಯ. ನಾನು ಇನ್ನಿಬ್ಬರ ವಿಷಯ ಎತ್ತಿದೆ. ಅವರು ನಮ್ಮ ದೇಶದವರಲ್ಲ, ಅವರವರ ಕಚೇರಿಗೆ ಅವರವರ ಮನೆಯವರು ಕೇಳಬೇಕು ಎಂದ. ನಾನು ಕೂಗಲು ಬಾಯಿ ತೆರೆದೆ. ಅವನು ಸಮಾಧಾನದಿಂದಲೇ ಕೇಳಿದ, ಆ ಲಂಕೆಯವರು ನಿಮಗೆ ಏನಾಗಬೇಕು ಮೇಡಂ, ಸಂಬಂಧ ಏನು ಅಂತ ನಾನು ಬರೆದುಕೊಳ್ಳಲಿ?

ಆಚೆಮನೆಯವಳು ಸೌಟನ್ನು ನನ್ನ ಕೈಗೆ ಕೊಟ್ಟು ಫೋನು ತೆಗೆದುಕೊಂಡಳು.

“ಸಾಹೇಬ್ರೆ, ನಮ್ಮನೆಯವ್ರು ಈಗ ಇಲ್ಲಿ ಊಟಕ್ಕೆ ಕೂತಿದಾರೆ,” ಎಂದಳು. “ಇವ್ರು ಕೂತ ಜಾಗ ಆ ಅಣ್ಣನದ್ದು. ಹಾಗೇ ಬರ್ಕೊಳ್ಳಿ.”

ಆಚೆ ಕಡೆಯವನು, ಸೋಮವಾರ ಫೋನ್ ಮಾಡಿ ಎಂದ. ಸೋಮವಾರ ಅವಳು ಮಾಡಿದಳು.